ಯಾರ ಮನೆಯ ಲೆಕ್ಕ? ಆರ್ಥಿಕ ಸೂಚ್ಯಂಕಗಳು ಮತ್ತು ಕಾಸರಗೋಡಿನ ಕನ್ನಡ ಮನೆಗಳ ಹಣಕಾಸು

(ಗಡಿಯಾಚೆಯ ಕನ್ನಡ ಸಮುದಾಯಗಳನ್ನು ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಓದುವ ಅನುಕೂಲಕ್ಕೆ ಉಪಶೀರ್ಷಿಕೆಗಳನ್ನು ಸೇರಿಸಿದ್ದೇನೆ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ.)

ನನ್ನ ಧ್ವನಿ ಸರಿಯಾಗಿ ಕೇಳ್ತಾ ಉಂಟು ಅಂದುಕೊಳ್ತೇನೆ. ನಡುವೆ ಕಡಿದುಹೋದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ. ನಾನು ಮಾತಾಡ್ತಾ ಇರುವುದು ಪೆರ್ಲದ ಹತ್ತಿರದ ನಮ್ಮ ಮನೆಯಿಂದ, ಇಲ್ಲಿ ಮಳೆ ಬಂದರೆ ನೆಟ್‌ವರ್ಕ್ ಹೋಗ್ತದೆ.

ಅಧ್ಯಕ್ಷರೇ, ಗುರುಗಳೇ, ಸಹಪಾಠಿಗಳೇ, ಈ ಸರಣಿಯ ಹಿಂದಿನ ಗೋಷ್ಠಿಗಳಲ್ಲಿ ಶಾಲೆ, ಪತ್ರಿಕೆ, ಯಕ್ಷಗಾನ, ಆಡಳಿತ ಭಾಷೆ ಇವುಗಳ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ನಾನು ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಹಾಗಾಗಿ ಇವತ್ತು ಮನೆಯ ಹಣದ ಬಗ್ಗೆ ಮಾತಾಡ್ತೇನೆ. ಗಡಿನಾಡಿನ ಕನ್ನಡಿಗರ ಪ್ರಶ್ನೆ ಎಂದರೆ ನಾವು ಭಾಷೆಯ ಪ್ರಶ್ನೆಯಾಗಿ ಮಾತ್ರ ನೋಡ್ತೇವೆ. ಆದರೆ ಹಣದ ವಿಷಯದಲ್ಲಿ ಯಾವ ಭಾಷೆಯಲ್ಲಿ ಸುದ್ದಿ ಸಿಗ್ತದೆ, ಯಾವ ರಾಜ್ಯದ ಸುದ್ದಿ ಸಿಗ್ತದೆ ಎಂಬುದೂ ನಷ್ಟ ಲಾಭದ ಪ್ರಶ್ನೆಯೇ. ಅದನ್ನು ತೋರಿಸಲಿಕ್ಕೆ ನನ್ನ ಪ್ರಯತ್ನ.

ಒಂದು ಸಂಜೆಯ ಪ್ರಶ್ನೆ

2025ರ ನವೆಂಬರ್ ಎರಡನೆಯ ವಾರ. ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಗಿತ್ತು. ಅಡಿಕೆ ಮಾರುವಷ್ಟು ಸಮಯ ಇರಲಿಲ್ಲ. ಅಪ್ಪ ಅಮ್ಮನ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟು ಬಂದರು. ಅದೇ ಸಂಜೆ ಕನ್ನಡ ಸುದ್ದಿಯಲ್ಲಿ ಬಂತು: ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ ಶೇ. 0.25, ಈ ಸರಣಿಯಲ್ಲಿಯೇ ಅತಿ ಕಡಿಮೆ. ಅಮ್ಮ ತೆಂಗಿನೆಣ್ಣೆಯ ಡಬ್ಬ ಕೈಯಲ್ಲಿ ಹಿಡಿದುಕೊಂಡು ಕೇಳಿದರು, "ಇದು ಯಾರ ಮನೆಯ ಲೆಕ್ಕ?"

ನಾನು ಆಗ ಏನೋ ಒಂದು ಉತ್ತರ ಕೊಟ್ಟೆ. ಸರಿಯಾದ ಉತ್ತರ ಆಗಿರಲಿಲ್ಲ. ಈ ಪ್ರಬಂಧ ಆ ಪ್ರಶ್ನೆಗೆ ಸಾವಕಾಶವಾಗಿ ಕೊಡುತ್ತಿರುವ ಉತ್ತರ.

ಮೊದಲು ಹೇಳಿಬಿಡುತ್ತೇನೆ: ಆ ಸಂಖ್ಯೆ ಸುಳ್ಳಲ್ಲ. ಸರ್ಕಾರದ ಅಂಕಿಅಂಶ ಎಲ್ಲ ಮೋಸ ಅಂತ ಹೇಳುವುದು ಸುಲಭ, ಆದರೆ ಅದು ಅಧ್ಯಯನ ಅಲ್ಲ. ಸಂಖ್ಯೆ ಸರಿ ಇದ್ದೂ ನಮ್ಮ ಮನೆಗೆ ಹೊಂದದೆ ಇರಬಹುದು. ಯಾಕೆ ಹೊಂದುವುದಿಲ್ಲ ಎಂಬುದಕ್ಕೆ ಮೂರು ಕಾರಣಗಳಿವೆ.

ಒಂದನೆಯದು: ಏರಿಕೆಯ ವೇಗ ಬೇರೆ, ಬೆಲೆ ಬೇರೆ

ಹಣದುಬ್ಬರ ಎಂದರೆ ಬೆಲೆ ಅಲ್ಲ, ಬೆಲೆ ಏರುವ ವೇಗ. ಬಸ್ಸು ನಿಧಾನ ಆಯಿತು ಅಂದರೆ ಅದು ಹಿಂದಕ್ಕೆ ಬಂತು ಅಂತ ಅರ್ಥ ಅಲ್ಲವಲ್ಲ, ಹಾಗೆ. ಈ ವೇಗವನ್ನು ಅಳೆಯುವುದು ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸಿ. 2024ರ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ. 6.21 ಇತ್ತು. ಮುಖ್ಯವಾಗಿ ತರಕಾರಿಯ ಬೆಲೆ ಏರಿತ್ತು. 2025ರ ಅಕ್ಟೋಬರನ್ನು ಆ ಎತ್ತರದ ಮೇಲೆ ನಿಲ್ಲಿಸಿ ಅಳೆದರು. ಆಹಾರದ ಬೆಲೆ ಸೂಚ್ಯಂಕ ಒಂದು ವರ್ಷದಲ್ಲಿ ಶೇ. 5.02ರಷ್ಟು ಇಳಿದಿತ್ತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳನ್ನು ಇಳಿಸಿದ್ದೂ ಸೇರಿತು. ಹಾಗಾಗಿ ಶೇ. 0.25.

ಈಗ ಎರಡು ವರ್ಷ ಒಟ್ಟಿಗೆ ಲೆಕ್ಕ ಹಾಕಿ. 2023ರ ಅಕ್ಟೋಬರಿನಲ್ಲಿ 100 ರೂಪಾಯಿಗೆ ಸಿಕ್ಕಿದ ಸಾಮಾನಿಗೆ 2024ರಲ್ಲಿ 106 ರೂಪಾಯಿ 21 ಪೈಸೆ, 2025ರಲ್ಲಿ ಸುಮಾರು 106 ರೂಪಾಯಿ 48 ಪೈಸೆ. ಅಂದರೆ ಏರಿದ ಬೆಲೆ ಒಟ್ಟಾರೆಯಾಗಿ ಏರಿದಲ್ಲಿಯೇ ನಿಂತಿದೆ. ಸುದ್ದಿಯಲ್ಲಿ ಕೇಳುವುದು ಕೊನೆಯ 27 ಪೈಸೆಯ ಕಥೆ. ಅಮ್ಮನ ಲೆಕ್ಕದ ಪುಸ್ತಕದಲ್ಲಿ ಇರುವುದು ಪೂರ್ತಿ ಆರೂವರೆ ರೂಪಾಯಿಯ ಕಥೆ. ಎರಡೂ ನಿಜ.

ಎರಡನೆಯದು: ಬುಟ್ಟಿ ಯಾರದ್ದು?

ಗ್ರಾಹಕ ಬೆಲೆ ಸೂಚ್ಯಂಕ ಎಂದರೆ ಒಂದು ಬುಟ್ಟಿ. ಅದರಲ್ಲಿ ಅಕ್ಕಿ, ಎಣ್ಣೆ, ಬಟ್ಟೆ, ಬಸ್ಸಿನ ಟಿಕೆಟು, ಶಾಲೆಯ ಫೀಸು ಎಲ್ಲ ಇರ್ತದೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಕುಟುಂಬಗಳ ಖರ್ಚಿನ ಸಮೀಕ್ಷೆಯಿಂದ ನಿರ್ಧರಿಸುತ್ತಾರೆ. ನಾನು ಹೇಳುತ್ತಿರುವ ಸರಣಿಯ ಮೂಲ ವರ್ಷ 2012. ತೂಕಗಳು ಬಂದದ್ದು 2011-12ರ ಸಮೀಕ್ಷೆಯಿಂದ. ಆ ಬುಟ್ಟಿಯಲ್ಲಿ ಆಹಾರ ಮತ್ತು ಪಾನೀಯಗಳಿಗೆ ಒಟ್ಟಾರೆ ಶೇ. 45.86 ತೂಕ, ಹಳ್ಳಿಯ ಬುಟ್ಟಿಯಲ್ಲಿ ಶೇ. 54.18, ನಗರದ ಬುಟ್ಟಿಯಲ್ಲಿ ಶೇ. 36.29. ಆಮೇಲೆ ಜನರ ಖರ್ಚು ಬದಲಾಗಿದೆ. 2023-24ರ ಸಮೀಕ್ಷೆಯ ಪ್ರಕಾರ ಹಳ್ಳಿಯ ಖರ್ಚಿನಲ್ಲಿ ಆಹಾರದ ಪಾಲು ಸುಮಾರು ಶೇ. 47ಕ್ಕೆ ಇಳಿದಿದೆ. ಹಾಗಾಗಿ ತರಕಾರಿ ಅಗ್ಗ ಆದಾಗ ಹಳೆಯ ಬುಟ್ಟಿ ಇರುವುದಕ್ಕಿಂತ ಹೆಚ್ಚು ಹಗುರವಾಗಿ ಕಾಣ್ತದೆ, ತುಟ್ಟಿ ಆದಾಗ ಹೆಚ್ಚು ಭಾರವಾಗಿ ಕಾಣ್ತದೆ. ಇದಕ್ಕಾಗಿಯೇ 2024ನ್ನು ಮೂಲ ವರ್ಷವಾಗಿ ಇಟ್ಟುಕೊಂಡು ಹೊಸ ಸರಣಿಯನ್ನು ಸಿದ್ಧಪಡಿಸಿದ್ದಾರೆ.

ಸರಾಸರಿ ಬುಟ್ಟಿ ನಿಮ್ಮ ಮನೆಯ ಬುಟ್ಟಿ ಅಲ್ಲ. ಒಂದು ಸರಳ ಉದಾಹರಣೆ ಇಟ್ಟುಕೊಳ್ಳೋಣ. ತಿಂಗಳಿಗೆ 10,000 ರೂಪಾಯಿ ಖರ್ಚು ಮಾಡುವ ಮನೆ, ಅದರಲ್ಲಿ 3 ಲೀಟರ್ ತೆಂಗಿನೆಣ್ಣೆ. ಲೀಟರಿಗೆ 200 ಇದ್ದದ್ದು 400 ಆದರೆ, ಆ ಒಂದೇ ಸಾಮಾನಿನಿಂದ 600 ರೂಪಾಯಿ ಹೆಚ್ಚು ಖರ್ಚು. ಅಂದರೆ ಉಳಿದ ಯಾವುದರ ಬೆಲೆಯೂ ಒಂದು ಪೈಸೆ ಏರದಿದ್ದರೂ ಆ ಮನೆಯ ಹಣದುಬ್ಬರ ಶೇ. 6. ಸಾಸಿವೆ ಎಣ್ಣೆ ಬಳಸುವ ಮನೆಗೆ ಇದರಿಂದ ಸೊನ್ನೆ. 2025ರ ಮಧ್ಯಭಾಗದಲ್ಲಿ ಕೇರಳದಲ್ಲಿ ತೆಂಗಿನೆಣ್ಣೆ ನಿಜಕ್ಕೂ ಲೀಟರಿಗೆ 400 ರೂಪಾಯಿ ದಾಟಿತ್ತು. ನಮ್ಮಲ್ಲಿ ಪಲ್ಯದ ಒಗ್ಗರಣೆಯಿಂದ ತಲೆಗೆ ಹಚ್ಚುವವರೆಗೆ ಅದೇ ಎಣ್ಣೆ. ಬೇರೆ ಎಣ್ಣೆ ತನ್ನಿ ಅಂತ ಹೇಳಬಹುದು. ಅಮ್ಮ ತಂದರು ಕೂಡ. ಆದರೆ ಉಪ್ಪಿನಕಾಯಿಗೆ, ಚಟ್ಟಿಗೆ, ಹಬ್ಬಕ್ಕೆ ಅದು ಆಗೂದಿಲ್ಲ ಅಂತ ಮತ್ತೆ ತೆಂಗಿನೆಣ್ಣೆಗೇ ಬಂದರು.

ಮೂರನೆಯದು: ಯಾವ ರಾಜ್ಯದ ಸಂಖ್ಯೆ?

ಇಲ್ಲಿಗೆ ಬಂದರೆ ನಮ್ಮ ಗೋಷ್ಠಿಯ ವಿಷಯಕ್ಕೇ ಬಂದ ಹಾಗೆ. ಅಂಕಿಅಂಶ ಸಚಿವಾಲಯ ಪ್ರತಿ ತಿಂಗಳೂ ರಾಜ್ಯವಾರು ಹಣದುಬ್ಬರವನ್ನೂ ಕೊಡುತ್ತದೆ. 2025ರ ಅಕ್ಟೋಬರಿನಲ್ಲಿ ಇಡೀ ದೇಶಕ್ಕೆ ಶೇ. 0.25, ತಮಿಳುನಾಡಿಗೆ ಶೇ. 1.29, ಕರ್ನಾಟಕಕ್ಕೆ ಶೇ. 2.34, ಕೇರಳಕ್ಕೆ ಶೇ. 8.56. ನಾನು ತಪ್ಪಿ ಹೇಳಲಿಲ್ಲ: ಎಂಟೂವರೆಗಿಂತ ಸ್ವಲ್ಪ ಹೆಚ್ಚು. ಸೆಪ್ಟೆಂಬರಿನಲ್ಲಿ ದೇಶಕ್ಕೆ ಶೇ. 1.54 ಇದ್ದಾಗ ಕೇರಳಕ್ಕೆ ಶೇ. 9.05. ತೆಂಗಿನೆಣ್ಣೆ ಮತ್ತು ಚಿನ್ನ, ಈ ಎರಡಕ್ಕೆ ಕೇರಳದ ಕುಟುಂಬಗಳ ಖರ್ಚಿನಲ್ಲಿ ಇರುವ ಪಾಲು ದೇಶದ ಸರಾಸರಿಗಿಂತ ಹೆಚ್ಚು. ಎರಡರ ಬೆಲೆಯೂ ಒಂದೇ ವರ್ಷದಲ್ಲಿ ಜಿಗಿಯಿತು. 10 ಗ್ರಾಂ ಚಿನ್ನ 1 ಲಕ್ಷ ರೂಪಾಯಿ ದಾಟಿದ್ದು ಅದೇ 2025ರಲ್ಲಿ.

ಅಂದರೆ ಅಮ್ಮನ ಪ್ರಶ್ನೆಗೆ ಸರ್ಕಾರದ ದಾಖಲೆಯಲ್ಲಿಯೇ ಉತ್ತರ ಇತ್ತು. ಆದರೆ ಆ ಸಂಜೆ ನಾವು ನೋಡಿದ ಕನ್ನಡ ಸುದ್ದಿಯಲ್ಲಿ ಕೇರಳದ ಸಂಖ್ಯೆ ಇರಲಿಲ್ಲ. ಯಾಕೆ ಇರಬೇಕು? ಅದು ಕರ್ನಾಟಕದ ಓದುಗರಿಗಾಗಿ ತಯಾರಾದ ಸುದ್ದಿ. ಮಲಯಾಳ ಸುದ್ದಿಯಲ್ಲಿ ಆ ಸಂಖ್ಯೆ ಇತ್ತು, ಅಮ್ಮನಿಗೆ ಮಲಯಾಳ ಓದಲಿಕ್ಕೆ ಬರುವುದಿಲ್ಲ. ಇದು ಯಾರ ತಪ್ಪೂ ಅಲ್ಲ. ಆದರೆ ಇದರ ಫಲ ನೋಡಿ. 1956ರ ನವೆಂಬರ್ 1ರಿಂದ ನಾವು ಕೇರಳದ ಮಾರುಕಟ್ಟೆ, ಕೇರಳದ ಕೂಲಿ, ಕೇರಳದ ತೆರಿಗೆಯೊಳಗೆ ಬದುಕುತ್ತಿದ್ದೇವೆ, ಹಣದ ಸುದ್ದಿಯನ್ನು ಮಾತ್ರ ಮಂಗಳೂರಿನಿಂದ ಓದುತ್ತೇವೆ. ಗೃಹಲಕ್ಷ್ಮಿಯ 2,000 ರೂಪಾಯಿ ಯಾವ ತಾರೀಕಿಗೆ ಬರ್ತದೆ ಎಂದು ನಮ್ಮ ಅಕ್ಕಪಕ್ಕದವರಿಗೆ ಗೊತ್ತು, ಅದು ನಮಗೆ ಇಲ್ಲ. ಕೇರಳದ ಸಾಮಾಜಿಕ ಭದ್ರತಾ ಪಿಂಚಣಿಯನ್ನು 1,600ರಿಂದ 2,000 ರೂಪಾಯಿಗೆ ಏರಿಸಿದ್ದು ನಮಗೆ ಸಂಬಂಧಪಟ್ಟದ್ದು, ಅದು ಕೆಲವರಿಗೆ ತಡವಾಗಿ ತಿಳಿಯಿತು.

ತಲಪಾಡಿಯ ಗೇಟು ದಾಟಿದರೆ ಸೂಚ್ಯಂಕ ಬದಲಾಗ್ತದೆ, ಆದರೆ ಗೇಟಿನ ಎರಡೂ ಕಡೆಯ ದಿನಸಿ ಅಂಗಡಿಯಲ್ಲಿ ತೆಂಗಿನೆಣ್ಣೆಯ ಬೆಲೆ ಹೆಚ್ಚುಕಮ್ಮಿ ಒಂದೇ. ಹಾಗಿದ್ದರೆ ಶೇ. 2.34 ಮತ್ತು ಶೇ. 8.56 ಹೇಗೆ? ಕರ್ನಾಟಕದ ಬುಟ್ಟಿಯಲ್ಲಿ ಬೀದರ್, ಬಳ್ಳಾರಿ, ಬೆಂಗಳೂರು ಎಲ್ಲ ಸೇರಿವೆ, ಅಲ್ಲಿ ತೆಂಗಿನೆಣ್ಣೆಯ ಬಳಕೆ ಕಡಿಮೆ. ಹಾಗಾಗಿ ಉಳ್ಳಾಲದ ಮನೆಗೂ ಕರ್ನಾಟಕದ ಸಂಖ್ಯೆ ಪೂರ್ತಿ ಹೊಂದುವುದಿಲ್ಲ. ಅಡುಗೆಯ ಗಡಿ ರಾಜ್ಯದ ಗಡಿಯಲ್ಲಿ ಇಲ್ಲ. ಆದರೆ ಲೆಕ್ಕ ಹಾಕುವುದು ರಾಜ್ಯದ ಗಡಿಯೊಳಗೆ.

ಖರ್ಚಿನ ಆಚೆ: ಒಂದೇ ಸೂಚ್ಯಂಕ, ಎರಡು ಮನೆ

ಇಷ್ಟರವರೆಗೆ ಖರ್ಚು ಮಾಡುವವರ ಕಡೆಯಿಂದ ನೋಡಿದೆವು. ಕಾಸರಗೋಡಿನಲ್ಲಿ ಅದು ಅರ್ಧ ಕಥೆ. ತೆಂಗಿನ ಬೆಲೆ ಏರಿದರೆ ತೋಟ ಇದ್ದವರಿಗೆ ಲಾಭ ಅಲ್ಲವಾ? ಹೌದು, ಕಾಯಿ ಇದ್ದರೆ. ಬೆಲೆ ಏರಿದ್ದೇ ಕಾಯಿ ಕಡಿಮೆ ಇದ್ದದ್ದರಿಂದ. ನುಸಿ, ಬಿಳಿ ನೊಣ, ಮಂಗ, ಮರ ಹತ್ತುವವರ ಕೊರತೆ ಎಲ್ಲ ಸೇರಿ ಫಸಲು ಇಳಿದ ತೋಟದವರಿಗೆ ಒಳ್ಳೆ ಬೆಲೆ ಪೇಪರಿನಲ್ಲಿ ಮಾತ್ರ. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡು ಕೂಲಿಗೆ ಹೋಗುವವರಿಗೆ ಅದೂ ಇಲ್ಲ, ಅವರು ಕಾಯಿಯನ್ನೂ ಅಂಗಡಿಯಿಂದ ತರುವವರು. ಒಂದೇ ಬೆಲೆ ಏರಿಕೆ ದೊಡ್ಡ ತೋಟಕ್ಕೆ ಆದಾಯ, ಸಣ್ಣ ತೋಟಕ್ಕೆ ಸಮ, ಕೂಲಿಯವರಿಗೆ ನಷ್ಟ.

ಗಲ್ಫ್ ಹಣದ್ದೂ ಹಾಗೆಯೇ. 2025ರ ಡಿಸೆಂಬರಿನಲ್ಲಿ ಡಾಲರಿಗೆ 90 ರೂಪಾಯಿ ದಾಟಿತು. ಯುಎಇಯ ದಿರ್ಹಮ್ ಡಾಲರಿಗೆ ಕಟ್ಟಿಕೊಂಡಿರುವುದರಿಂದ ಅದೂ ಏರಿತು. ಮಗ ದುಬೈಯಲ್ಲಿ ಇರುವ ಮನೆಗೆ ಅದೇ ಸಂಬಳದಲ್ಲಿ ಹೆಚ್ಚು ರೂಪಾಯಿ ಬಂತು. ಪಕ್ಕದ ಮನೆಗೆ ಬಂದದ್ದು ತುಟ್ಟಿಯಾದ ಚಿನ್ನ ಮಾತ್ರ, ಯಾಕೆಂದರೆ ಚಿನ್ನವನ್ನು ನಾವು ಡಾಲರಿನಲ್ಲಿ ತರಿಸುತ್ತೇವೆ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶಕ್ಕೆ ಹೊರಗಿನಿಂದ ಬಂದ ಹಣದಲ್ಲಿ ಕೇರಳದ ಪಾಲು ಶೇ. 19.7. ಅದೇ ವರ್ಷದ ಖರ್ಚಿನ ಸಮೀಕ್ಷೆಯಲ್ಲಿ ಕೇರಳದ ಹಳ್ಳಿಗಳ ತಲಾ ಮಾಸಿಕ ಖರ್ಚು 6,611 ರೂಪಾಯಿ, ಕರ್ನಾಟಕದ ಹಳ್ಳಿಗಳದ್ದು 4,903. ಇದನ್ನು ನೋಡಿ ಕೇರಳದವರು ಸುಖವಾಗಿದ್ದಾರೆ ಎಂದು ಬರೆಯುವವರಿದ್ದಾರೆ. ಸರಾಸರಿಯಲ್ಲಿ ದುಬೈಯ ಮಗನೂ ಇದ್ದಾನೆ, ಬೀಡಿ ಕಟ್ಟುವ ಅಕ್ಕನೂ ಇದ್ದಾಳೆ. ಮತ್ತೆ ಖರ್ಚು ಹೆಚ್ಚು ಎಂದರೆ ಅನುಕೂಲ ಹೆಚ್ಚು ಎಂದೇ ಅಲ್ಲ. ನಮ್ಮ ಮನೆಯ ನವೆಂಬರ್ ತಿಂಗಳ ಖರ್ಚು ಆ ವರ್ಷದ ಅತಿ ಹೆಚ್ಚು ಖರ್ಚು. ಅದು ಆಸ್ಪತ್ರೆಯದ್ದು.

ನಿರುದ್ಯೋಗದ ಸಂಖ್ಯೆಯನ್ನೂ ಹೀಗೆಯೇ ಬಿಡಿಸಿ ನೋಡಬೇಕು. 2023-24ರ ಕಾರ್ಮಿಕ ಸಮೀಕ್ಷೆಯಲ್ಲಿ ದೇಶದ ನಿರುದ್ಯೋಗ ಶೇ. 3.2, ಕೇರಳದ್ದು ಶೇ. 7.2. 15ರಿಂದ 29 ವರ್ಷದವರಲ್ಲಿ ಕೇರಳದಲ್ಲಿ ಶೇ. 29.9. ಭಯ ಆಗುವ ಸಂಖ್ಯೆ. ಆದರೆ ಸಂಬಳ ಇಲ್ಲದೆ ಅಪ್ಪನ ತೋಟದಲ್ಲಿ ಕೆಲಸ ಮಾಡುವ ಹುಡುಗನನ್ನು ಸಮೀಕ್ಷೆ ಉದ್ಯೋಗಿ ಎಂದೇ ಲೆಕ್ಕ ಹಾಕ್ತದೆ. ಓದಿ, ತೋಟಕ್ಕೆ ಇಳಿಯದೆ ಪಿಎಸ್‌ಸಿ ಪರೀಕ್ಷೆಗೆ ತಯಾರಾಗುತ್ತಾ ಕೆಲಸ ಹುಡುಕುವ ಹುಡುಗಿ ನಿರುದ್ಯೋಗಿ. ಕಡಿಮೆ ನಿರುದ್ಯೋಗ ಇರುವ ರಾಜ್ಯದಲ್ಲಿ ಎಲ್ಲರಿಗೂ ಒಳ್ಳೆಯ ಕೆಲಸ ಉಂಟು ಎಂದಲ್ಲ, ಕಾಯುವಷ್ಟು ಶಕ್ತಿ ಹಲವರಿಗೆ ಇಲ್ಲ ಎಂದೂ ಆಗಬಹುದು.

ಬಡ್ಡಿ ಇಳಿದದ್ದು ಯಾರಿಗೆ?

ಈಗ ಅಡವಿಟ್ಟ ಬಳೆಗೆ ಬರುತ್ತೇನೆ. ಹಣದುಬ್ಬರವನ್ನು ಶೇ. 4ರ ಸುತ್ತ, ಎರಡು ಮೇಲೆ ಎರಡು ಕೆಳಗೆ ಇರುವಂತೆ ನೋಡಿಕೊಳ್ಳುವುದು ರಿಸರ್ವ್ ಬ್ಯಾಂಕಿನ ಹೊಣೆ. ಅದಕ್ಕೆ ಇರುವ ಮುಖ್ಯ ಸಲಕರಣೆ ರೆಪೊ ದರ. ಹಣದುಬ್ಬರ ಇಳಿದ ಕಾರಣ 2025ರ ಫೆಬ್ರವರಿಯಿಂದ ಡಿಸೆಂಬರಿನೊಳಗೆ ಅದನ್ನು ಶೇ. 6.50ರಿಂದ ಶೇ. 5.25ಕ್ಕೆ ಇಳಿಸಿದರು. ಗಮನಿಸಿ, ನಿರ್ಧಾರ ಆಗುವುದು ಇಡೀ ದೇಶದ ಸಂಖ್ಯೆ ನೋಡಿ. ಕೇರಳದ ಶೇ. 8.56ಕ್ಕೆ ಬೇರೆ ರೆಪೊ ದರ ಇಲ್ಲ, ಇರಲಿಕ್ಕೂ ಸಾಧ್ಯ ಇಲ್ಲ.

ಈ ಇಳಿಕೆ ಯಾರಿಗೆ ಮುಟ್ಟಿತು? 2019ರ ಅಕ್ಟೋಬರಿನ ನಂತರ ಬ್ಯಾಂಕುಗಳು ಕೊಡುವ ಬದಲಾಗುವ ಬಡ್ಡಿಯ ಮನೆ ಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿರಬೇಕು. 20 ಲಕ್ಷ ರೂಪಾಯಿ, 20 ವರ್ಷದ ಸಾಲಕ್ಕೆ ಬಡ್ಡಿ ಶೇ. 9ರಿಂದ 8ಕ್ಕೆ ಇಳಿದರೆ ತಿಂಗಳ ಕಂತು ಸುಮಾರು 17,995ರಿಂದ 16,729 ರೂಪಾಯಿ ಆಗ್ತದೆ. ತಿಂಗಳಿಗೆ 1,266 ರೂಪಾಯಿ ಉಳಿತಾಯ, ಒಳ್ಳೆಯದೇ. ಆದರೆ ನಮ್ಮ ಊರಿನಲ್ಲಿ ಹೆಚ್ಚಿನವರ ಸಾಲ ಅದಲ್ಲ. ಚಿನ್ನದ ಸಾಲ, ಸೊಸೈಟಿಯ ಸಾಲ, ಕುರಿ ಚೀಟಿ, ಕುಟುಂಬಶ್ರೀ ಗುಂಪಿನ ಸಾಲ, ಅಂಗಡಿಯ ಕಡ. ಇವುಗಳಲ್ಲಿ ಹೆಚ್ಚಿನವು ರೆಪೊದ ಜೊತೆ ತಾನಾಗಿ ಇಳಿಯುವುದಿಲ್ಲ.

ಚಿನ್ನದ ಸಾಲದಲ್ಲಿ ಇನ್ನೊಂದು ವಿಚಿತ್ರ ಉಂಟು. ಮೂರು ಪವನ್ ಅಂದರೆ 24 ಗ್ರಾಂ. ಬ್ಯಾಂಕು ಗ್ರಾಮಿಗೆ 5,000 ಅಂತ ಕಟ್ಟಿದರೆ ಬೆಲೆ 1,20,000, ಅದರ ಶೇ. 75 ಎಂದರೆ 90,000 ರೂಪಾಯಿ ಸಾಲ. ಅದೇ ಬಳೆಗೆ ಗ್ರಾಮಿಗೆ 10,000 ಅಂತ ಕಟ್ಟಿದರೆ 1,80,000. ಶೇ. 9ರ ಬಡ್ಡಿಯಲ್ಲಿ ವರ್ಷಕ್ಕೆ ಮೊದಲು 8,100, ಈಗ 16,200. ಬಳೆ ಅದೇ, ಕೈ ಅದೇ, ತೋಟದ ಆದಾಯವೂ ಅದೇ. ಸಾಲ ಮಾತ್ರ ಎರಡು ಪಾಲು ಸಿಗ್ತದೆ. 2025ರ ಜೂನಿನಲ್ಲಿ ರಿಸರ್ವ್ ಬ್ಯಾಂಕು ಹೊಸ ನಿಯಮ ಪ್ರಕಟಿಸಿತು: ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ. 85ರವರೆಗೂ ಕೊಡಬಹುದು. ಅವಸರದ ಹೊತ್ತಿಗೆ ಇದು ಉಪಕಾರವೇ. ಅಜ್ಜಿಯ ಆಸ್ಪತ್ರೆಗೆ ಹಣ ಒಂದು ಗಂಟೆಯಲ್ಲಿ ಸಿಕ್ಕಿತು, ಅದನ್ನು ನಾನು ಮರೆಯುವುದಿಲ್ಲ. ಆದರೆ ಸಾಲ ಹೆಚ್ಚು ಸಿಕ್ಕಿದ್ದನ್ನು ಮನೆಯ ಸ್ಥಿತಿ ಸುಧಾರಿಸಿದ ಲಕ್ಷಣ ಎಂದು ಓದಬಾರದು. ಚಿನ್ನದ ಬೆಲೆ ಇಳಿದರೆ, ಕಟ್ಟಬೇಕಾದ ಸಾಲ ಅದರ ಜೊತೆ ಇಳಿಯುವುದಿಲ್ಲ.

ದೇಶದ ಮಟ್ಟದಲ್ಲೂ ಇದೇ ಚಿತ್ರ. ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ, ಅಂದರೆ ಉಳಿತಾಯದಲ್ಲಿ ಹೊಸ ಸಾಲವನ್ನು ಕಳೆದು ಉಳಿದದ್ದು, ಕೊರೋನಾ ವರ್ಷ 2020-21ರಲ್ಲಿ ಜಿಡಿಪಿಯ ಶೇ. 11ಕ್ಕಿಂತ ಹೆಚ್ಚಿತ್ತು. 2022-23ರ ಹೊತ್ತಿಗೆ ಸುಮಾರು ಶೇ. 5ಕ್ಕೆ ಬಂತು. ಸಾಲ ಬೇಗ ಬೆಳೆದದ್ದು ಅದಕ್ಕೆ ದೊಡ್ಡ ಕಾರಣ. 2025-26ರ ಎರಡನೆಯ ತ್ರೈಮಾಸಿಕದಲ್ಲಿ ಜಿಡಿಪಿ ಶೇ. 8.2 ಬೆಳೆಯಿತು ಎಂಬ ಸುದ್ದಿಯ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಇಟ್ಟು ಓದಬೇಕು. ಜಿಡಿಪಿ ಹೇಳುವುದು ಎಷ್ಟು ತಯಾರಾಯಿತು ಎಂದು. ಮನೆಯ ಪೆಟ್ಟಿಗೆಯಲ್ಲಿ ಎಷ್ಟು ಉಳಿಯಿತು ಎಂದು ಅದು ಹೇಳುವುದಿಲ್ಲ.

ಗ್ರಾಹಕರ ಮನಸ್ಸನ್ನು ಅಳೆಯುವ ಸಮೀಕ್ಷೆಯೂ ಉಂಟು. ರಿಸರ್ವ್ ಬ್ಯಾಂಕು ಎರಡು ತಿಂಗಳಿಗೊಮ್ಮೆ ದೇಶದ ಸ್ಥಿತಿ, ಉದ್ಯೋಗ, ಬೆಲೆ, ಆದಾಯ, ಖರ್ಚು ಈ ಐದರ ಬಗ್ಗೆ ಕೇಳ್ತದೆ. 100ಕ್ಕಿಂತ ಮೇಲೆ ಇದ್ದರೆ ಆಶಾವಾದಿಗಳು ಹೆಚ್ಚು, ಕೆಳಗಿದ್ದರೆ ನಿರಾಶರು ಹೆಚ್ಚು. 2021ರ ಮೇ ತಿಂಗಳಲ್ಲಿ ಅದು 48.5ಕ್ಕೆ ಬಿದ್ದಿತ್ತು. ಈ ಸಮೀಕ್ಷೆ ನಡೆಯುವುದು 19 ನಗರಗಳಲ್ಲಿ. ಕೇರಳದಿಂದ ತಿರುವನಂತಪುರ, ಕರ್ನಾಟಕದಿಂದ ಬೆಂಗಳೂರು. ಕಾಸರಗೋಡಿನಿಂದ ಎರಡೂ ದೂರ.

ನಮ್ಮ ಭಾಷೆಯಲ್ಲಿ ಕೇಳುವ ಹಕ್ಕು

ಅಪ್ಪ ಸಹಿ ಹಾಕಿ ಬಂದ ಕಾಗದವನ್ನು ಮರುದಿನ ನೋಡಿದೆ. ಮಲಯಾಳ ಮತ್ತು ಇಂಗ್ಲಿಷ್. ಅಪ್ಪನಿಗೆ ಬಡ್ಡಿ ಎಷ್ಟು ಎಂದು ಗೊತ್ತಿತ್ತು. ಪರಿಶೀಲನಾ ಶುಲ್ಕ, ಅವಧಿ ಮೀರಿದರೆ ಬೀಳುವ ದಂಡ, ಹರಾಜಿನ ಮೊದಲು ಎಷ್ಟು ದಿನದ ನೋಟಿಸು, ಇದು ಯಾವುದೂ ಗೊತ್ತಿರಲಿಲ್ಲ. ಕೇಳಿದ್ದಕ್ಕೆ, "ಎಲ್ಲರೂ ಹಾಕುವ ಸಹಿ ಅಲ್ವಾ" ಅಂದರು.

2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಬ್ಯಾಂಕೇತರ ಹಣಕಾಸು ಕಂಪನಿಗಳೂ ಎಲ್ಲ ಚಿಲ್ಲರೆ ಸಾಲಗಳಿಗೆ ಒಂದು ಮುಖ್ಯಾಂಶಗಳ ಪತ್ರ ಕೊಡಬೇಕು. ಬಡ್ಡಿ, ಶುಲ್ಕ ಎಲ್ಲ ಸೇರಿಸಿ ವರ್ಷಕ್ಕೆ ನಿಜವಾಗಿ ಶೇಕಡಾ ಎಷ್ಟು ಬೀಳುತ್ತದೆ ಎಂಬುದು ಅದರಲ್ಲಿ ಇರಬೇಕು. ಮತ್ತು ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಈ ಕೊನೆಯ ಮಾತು ನಮಗೆ ಬಹಳ ಮುಖ್ಯ. ಗಡಿನಾಡಿನ ಕನ್ನಡಿಗ ಬ್ಯಾಂಕಿನಲ್ಲಿ ಕನ್ನಡ ಕೇಳಿದರೆ ಅದನ್ನು ಭಾಷಾಭಿಮಾನದ ಜಗಳ ಎಂದು ನೋಡುವ ಅಭ್ಯಾಸ ಉಂಟು. ಅದು ಸಾಲದ ನಿಯಮದಲ್ಲಿಯೇ ಇರುವ ಹಕ್ಕು. ಸರ್ಕಾರಿ ಕಚೇರಿಗಳ ಮಟ್ಟಿಗೆ ಕೇರಳದ ಅಧಿಕೃತ ಭಾಷೆಯ ಕಾನೂನಿನಲ್ಲಿಯೂ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಅವಕಾಶ ಇದೆ. ನಾವು ಕೇಳುವುದು ಕಡಿಮೆ.

ಇಲ್ಲಿಯೇ ಒಂದು ಎಚ್ಚರಿಕೆ. ನಮ್ಮ ಊರುಗಳಲ್ಲಿ ಬ್ಯಾಂಕು ಎಂದೇ ಕರೆಯುವ ಹಲವು ಪ್ರಾಥಮಿಕ ಕೃಷಿ ಸಹಕಾರಿ ಸಂಘಗಳು ರಿಸರ್ವ್ ಬ್ಯಾಂಕಿನ ಪರವಾನಗಿಯ ಬ್ಯಾಂಕುಗಳಲ್ಲ. ಅವು ರಾಜ್ಯದ ಸಹಕಾರ ಇಲಾಖೆಯ ಕೆಳಗೆ ಬರುತ್ತವೆ. ಪರವಾನಗಿ ಇರುವ ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ಇರುವ ಠೇವಣಿ ವಿಮೆ ಈ ಸಂಘಗಳಿಗೆ ಅನ್ವಯಿಸುವುದಿಲ್ಲ. ಅವು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ನಮ್ಮ ಅಜ್ಜನ ಕಾಲದಿಂದ ಕಷ್ಟಕ್ಕೆ ಆದದ್ದು ಸೊಸೈಟಿಯೇ. ಆದರೆ ಎಲ್ಲಿ ಯಾವ ರಕ್ಷಣೆ ಉಂಟು ಎಂದು ತಿಳಿದು ಹಣ ಇಡಬೇಕು.

ಚರ್ಚೆಯಿಂದ ಎರಡು ಪ್ರಶ್ನೆಗಳು

ಅಕ್ಕಲಕೋಟೆ ಕಡೆಯ ಒಬ್ಬ ಸಹಪಾಠಿ ಕೇಳಿದರು: ನಮ್ಮಲ್ಲಿ ತೆಂಗಿನೆಣ್ಣೆ ಇಲ್ಲ, ಜೋಳ ಮತ್ತು ಕೂಲಿ. ನಮಗೆ ಯಾವ ಸೂಚ್ಯಂಕ?

ಒಳ್ಳೆಯ ಪ್ರಶ್ನೆ. ನಿಮಗೆ ಎರಡು ಸೂಚ್ಯಂಕಗಳು ನೇರವಾಗಿ ಮುಟ್ಟುತ್ತವೆ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಬೆಲೆ ಸಂಗ್ರಹಿಸುವ 88 ಕೇಂದ್ರಗಳಲ್ಲಿ ಸೊಲ್ಲಾಪುರವೂ ಒಂದು, ನೀಲಗಿರಿಯ ಕೂನೂರೂ ಒಂದು. ಸೊಲ್ಲಾಪುರದ ಗಿರಣಿ ಕಾರ್ಮಿಕರ ಮನೆಖರ್ಚಿನ ಲೆಕ್ಕವನ್ನು ಮುಂಬಯಿ ಸರ್ಕಾರ 1920ರ ದಶಕದಲ್ಲಿಯೇ ಬರೆಸಿತ್ತು. ಎರಡನೆಯದು ಕೃಷಿ ಕಾರ್ಮಿಕರ ಸೂಚ್ಯಂಕ. ನರೇಗಾ ಕೂಲಿ ಏರಿದ್ದು ಇದನ್ನು ಹಿಡಿದು. 2025-26ರಲ್ಲಿ ದಿನಕ್ಕೆ ಕರ್ನಾಟಕದಲ್ಲಿ 370, ಕೇರಳದಲ್ಲಿ 369, ತಮಿಳುನಾಡಿನಲ್ಲಿ 336, ಮಹಾರಾಷ್ಟ್ರದಲ್ಲಿ 312, ಆಂಧ್ರ ತೆಲಂಗಾಣಗಳಲ್ಲಿ 307 ರೂಪಾಯಿ. ಜತ್ತದಲ್ಲಿ ಗುದ್ದಲಿ ಹಿಡಿದವರಿಗೂ ಪಕ್ಕದ ವಿಜಯಪುರ ಜಿಲ್ಲೆಯಲ್ಲಿ ಹಿಡಿದವರಿಗೂ 58 ರೂಪಾಯಿ ವ್ಯತ್ಯಾಸ. ಬರ ಒಂದೇ, ರೊಟ್ಟಿ ಒಂದೇ. 2025ರ ಮಧ್ಯದವರೆಗೂ ಆ ಸೂಚ್ಯಂಕದ ಮೂಲ ವರ್ಷ 1986-87, ಬುಟ್ಟಿ ಅದಕ್ಕಿಂತಲೂ ಹಳೆಯದು. ಈಗ 2019ರ ಸರಣಿ ಬಂದಿದೆ. ಹಳೆಯ ಬುಟ್ಟಿ ಎಂಬುದು ಬರೀ ತಾಂತ್ರಿಕ ದೋಷ ಅಲ್ಲ, ಅದು ಕೂಲಿಯವರ ಕೈಗೆ ಬರುವ ಹಣ.

ಮಡಕಶಿರಾ ಕಡೆಯಿಂದ ಬಂದ ಪ್ರಶ್ನೆ: ವಾರದ ಕಂತಿನ ಸಂಘದ ಸಾಲಗಳ ಬಗ್ಗೆ ಹೇಳಿ.

ಆಂಧ್ರದಲ್ಲಿ 2010ರ ಅಕ್ಟೋಬರಿನಲ್ಲಿಯೇ ಕಿರುಸಾಲ ಸಂಸ್ಥೆಗಳ ಮೇಲೆ ಸುಗ್ರೀವಾಜ್ಞೆ ಬಂತು. ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ, ತಮಿಳುನಾಡಿನಲ್ಲಿ ಅದೇ ವರ್ಷ ಕಾನೂನು. ಅಂದರೆ ಕಿರುಕುಳದ ದೂರು ಕೊಡುವಾಗ ಯಾವ ರಾಜ್ಯದ ಕಾನೂನು ಎಂಬುದು ಗಡಿಯವರಿಗೆ ಮೊದಲ ಪ್ರಶ್ನೆ. ಆದರೆ ಎಲ್ಲ ಕಡೆಯೂ ಅನ್ವಯಿಸುವ ಒಂದು ಅಳತೆ ಉಂಟು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ಆದಾಯ ಇರುವ ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಯಾವ ಸಂಸ್ಥೆ ಲೆಕ್ಕ ಹಾಕದಿದ್ದರೂ ನಾವು ಹಾಕಿಕೊಳ್ಳಬಹುದು.

ಮುಗಿಸುವ ಮೊದಲು

ಸಹಪಾಠಿಗಳಿಗೆ ನನ್ನ ಸಲಹೆ ಸಣ್ಣದು. ತಿಂಗಳ ಹಣದುಬ್ಬರದ ಸುದ್ದಿ ಬಂದಾಗ ನಾಲ್ಕು ಪ್ರಶ್ನೆ ಕೇಳೋಣ. ಯಾವ ರಾಜ್ಯದ್ದು? ಯಾವ ತಿಂಗಳಿಗೆ ಹೋಲಿಸಿದ್ದು? ಹಳ್ಳಿಯದೋ ನಗರದ್ದೋ? ನಮ್ಮ ಮನೆಯಲ್ಲಿ ಹೆಚ್ಚು ಖರ್ಚಾಗುವ ಐದು ಸಾಮಾನುಗಳು ಅದರಲ್ಲಿ ಎಷ್ಟು ತೂಗುತ್ತವೆ? ಆ ಉತ್ತರಗಳನ್ನು ನಮ್ಮ ಊರಿನ ಓದುಗರಿಗೆ ಕನ್ನಡದಲ್ಲಿ ಬರೆಯುವ ಕೆಲಸ ನಮ್ಮ ಮೇಲಿದೆ. ಕರ್ನಾಟಕದ ಪತ್ರಿಕೆಗಳು ಅದನ್ನು ಮಾಡಲಿ ಎಂದು ಕಾಯುವುದು ಸರಿಯಲ್ಲ.

ಅಮ್ಮನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಈಗ ಒಂದು ಹೊಸ ಸಾಲು ಉಂಟು. ತಿಂಗಳ ಮಧ್ಯದಲ್ಲಿ ನಾನು ಫೋನು ಮಾಡಿ ಕೇರಳದ ಸಂಖ್ಯೆ ಹೇಳ್ತೇನೆ, ಅವರು ಅದರ ಪಕ್ಕದಲ್ಲಿ ತಮ್ಮ ಸಂಖ್ಯೆ ಬರೆದುಕೊಳ್ಳುತ್ತಾರೆ. ಎರಡೂ ಒಂದೇ ಆಗಿ ಬಂದದ್ದು ಇಲ್ಲ. ಹೋದ ಸಲ ಕೇಳಿದರು, "ನಿಮ್ಮ ಲೆಕ್ಕದಲ್ಲಿ ಆಸ್ಪತ್ರೆ ಹಾಕಿದ್ದೀರಾ?" ಹಾಕಿದ್ದಾರೆ ಅಮ್ಮಾ, ಆದರೆ ಸ್ವಲ್ಪ ಮಾತ್ರ ಅಂದೆ. ಅಜ್ಜಿ ಮನೆಗೆ ಬಂದಿದ್ದಾರೆ. ಬಳೆ ಇನ್ನೂ ಬರಬೇಕಷ್ಟೆ.